ಬಳ್ಳಾರಿಯಲ್ಲಿ ಓದುತ್ತಾ ದುಡಿಯುವವರಿಗೆ ತಾಸಿನ ಲೆಕ್ಕ

ಬಳ್ಳಾರಿಯ ಪಾರ್ಟ್‌ಟೈಮ್ ಕೆಲಸಗಳಲ್ಲಿ ಬಹುಪಾಲು ಮೊಬೈಲಿನ ಜಾಬ್ ಆ್ಯಪ್‌ಗಳಲ್ಲಿ ಕಾಣುವುದಿಲ್ಲ. ಬೆಂಗಳೂರು ರಸ್ತೆಯ ಬಟ್ಟೆ ಅಂಗಡಿಗೆ ಸಂಜೆಯ ಹುಡುಗ ಬೇಕಾದರೆ ಮಾಲೀಕರು ಈಗಿರುವ ಹುಡುಗನಿಗೇ "ನಿನ್ನ ಕಾಲೇಜಿನವ್ರು ಯಾರಾದ್ರೂ ಇದ್ರೆ ಕರ್ಕೊಂಡು ಬಾ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಆ್ಯಪ್‌ನಲ್ಲಿ "ಬಳ್ಳಾರಿ, ಮನೆಯಿಂದಲೇ ಟೈಪಿಂಗ್, ದಿನಕ್ಕೆ 2,000" ಎಂದು ಕಂಡರೆ ಅದು ಮೋಸವೇ ಎಂದು ಇಟ್ಟುಕೊಳ್ಳಿ. ಆ ವಿಷಯ ಮುಂದೆ ಬರುತ್ತದೆ.

ಕೆಲಸ ಹುಡುಕುವ ಮೊದಲು ಒಂದು ಹಾಳೆಯ ಮೇಲೆ ವಾರದ ಟೈಮ್‌ಟೇಬಲ್ ಬರೆಯಿರಿ. ತರಗತಿ, ಲ್ಯಾಬ್, ಹಾಸ್ಟೆಲ್ ಗೇಟು ಮುಚ್ಚುವ ಹೊತ್ತು, ಊರಿಗೆ ಹೋಗುವ ಕೊನೆಯ ಬಸ್ಸು, ಎಲ್ಲವೂ ಅದರಲ್ಲಿರಲಿ. 75 ಪ್ರತಿಶತ ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಬೆಳಗಿನ ಮೊದಲ ಪೀರಿಯಡ್ ದಿನವೂ ತಪ್ಪಿದರೆ ಒಂದೇ ವಿಷಯದಲ್ಲಿ ಹಾಜರಿ ಕುಸಿಯುತ್ತದೆ, ಒಟ್ಟು ಸರಾಸರಿ ನೋಡಿದಾಗ ಅದು ಗೊತ್ತೇ ಆಗುವುದಿಲ್ಲ. ವಾರಕ್ಕೆ 15 ತಾಸು ಆರಾಮ, 20 ತಾಸು ಗಡಿ. ಕ್ಯಾಂಪಸ್ಸಿನೊಳಗೆ ದುಡಿಯುತ್ತಾ ಓದುವವರಿಗಾಗಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರಲ್ಲಿ ತಂದ ಕರಡು ಮಾರ್ಗಸೂಚಿಯೂ ವಾರಕ್ಕೆ ಗರಿಷ್ಠ 20 ತಾಸು, ತಿಂಗಳಿಗೆ 20 ದಿನ ಎಂದೇ ಹೇಳಿತ್ತು.

ಇನ್ನು ಲೆಕ್ಕ. ತಿಂಗಳ ಸಂಬಳ ಕೇಳಿ ಒಪ್ಪಿಕೊಳ್ಳಬೇಡಿ, ತಾಸಿಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ನೋಡಿ. ಒಂದು ಅಂಗಡಿಯವರು ಸಂಜೆ 5ರಿಂದ 9, ತಿಂಗಳಿಗೆ 26 ದಿನ, 4,000 ರೂಪಾಯಿ ಅಂದರು ಎಂದುಕೊಳ್ಳಿ. ಅದು 104 ತಾಸು. ದಿನಕ್ಕೆ 20 ರೂಪಾಯಿ ಆಟೊ ಹಿಡಿದರೆ 520 ಹೋಯಿತು, ಉಳಿದದ್ದು 3,480. ತಾಸಿಗೆ 33 ರೂಪಾಯಿ ಚಿಲ್ಲರೆ. ಅದೇ ಓಣಿಯಲ್ಲಿ ನಾಲ್ಕು ಮಕ್ಕಳಿಗೆ ದಿನಕ್ಕೆ ಒಂದು ತಾಸು ಟ್ಯೂಷನ್ ಹೇಳಿ ತಲೆಗೆ 600 ತೆಗೆದುಕೊಂಡರೆ 2,400, ಅಂದರೆ ತಾಸಿಗೆ 92. ಮೊತ್ತ ಚಿಕ್ಕದು, ಆದರೆ ಓದಲು ದಿನಕ್ಕೆ ಮೂರು ತಾಸು ಉಳಿಯಿತು. ಈ ಅಂಕಿಗಳು ಲೆಕ್ಕದ ದಾರಿ ತೋರಿಸಲಿಕ್ಕೆ ಮಾತ್ರ. ನಿಮಗೆ ಹೇಳಿದ ದರ ಹಾಕಿ ನೀವೇ ಭಾಗಿಸಿ.

ಇದೇ ತಾಸಿನ ಲೆಕ್ಕವನ್ನು ವಿದ್ಯಾರ್ಥಿವೇತನಕ್ಕೂ ಹಚ್ಚಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ರಾಜ್ಯ ಸರಕಾರದ ವಿದ್ಯಾಸಿರಿ ಯೋಜನೆಯಲ್ಲಿ ಊಟ-ವಸತಿಗೆಂದು ತಿಂಗಳಿಗೆ 1,500ರಂತೆ 10 ತಿಂಗಳು ಕೊಡುತ್ತಾ ಬಂದಿದ್ದಾರೆ, ಈಗಿನ ಮೊತ್ತ ಕೇಳಿಕೊಳ್ಳಿ. ಮೇಲಿನ ಅಂಗಡಿ ದರದಲ್ಲಿ ಆ 1,500 ತಿಂಗಳಿಗೆ ಸುಮಾರು 45 ತಾಸಿನ ದುಡಿಮೆಗೆ ಸಮ. ಆಧಾರ್‌ಗೆ ಬ್ಯಾಂಕ್ ಖಾತೆ ಜೋಡಣೆ ಆಗಿಲ್ಲ, ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಎಂಬ ಕಾರಣಕ್ಕೇ ಎಷ್ಟೋ ಅರ್ಜಿಗಳು ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ ಸಿಕ್ಕಿಬೀಳುತ್ತವೆ. ಅದನ್ನು ಮೊದಲು ಸರಿಪಡಿಸಿ, ಆಮೇಲೆ ಅಂಗಡಿ ಮೆಟ್ಟಿಲು ಹತ್ತಿ.

ಕಾಲೇಜಿನೊಳಗಿನ ಕೆಲಸದ ಬಗ್ಗೆ ಹೆಚ್ಚು ಆಸೆ ಬೇಡ. ಅಮೆರಿಕದಲ್ಲಿ 1964ರಿಂದ ಕೇಂದ್ರ ಸರಕಾರವೇ ಸಂಬಳದಲ್ಲಿ ಪಾಲು ಹಾಕಿ ವಿದ್ಯಾರ್ಥಿಗಳಿಗೆ ಕೆಲಸ ಕೊಡಿಸುವ ವರ್ಕ್ ಸ್ಟಡಿ ಯೋಜನೆ ಇದೆ. ನಮ್ಮಲ್ಲಿ ಅಂಥದ್ದು ಆಯಾ ವಿಶ್ವವಿದ್ಯಾಲಯ, ಆಯಾ ಕಾಲೇಜಿನ ಮರ್ಜಿ. ಆದರೂ ಗ್ರಂಥಾಲಯದ ಪುಸ್ತಕಗಳಿಗೆ ಬಾರ್‌ಕೋಡ್ ಹಚ್ಚುವುದು, ಅಡ್ಮಿಷನ್ ಹೊತ್ತಿನ ಡೇಟಾ ಎಂಟ್ರಿ, ಸಮ್ಮೇಳನದ ನೋಂದಣಿ ಮೇಜು, ಸಮೀಕ್ಷೆಗೆ ಹಳ್ಳಿ ಸುತ್ತುವುದು, ಇಂಥ ತಾತ್ಕಾಲಿಕ ಕೆಲಸ ಹುಟ್ಟುತ್ತಲೇ ಇರುತ್ತವೆ. ನೋಟಿಸ್ ಬೋರ್ಡಿಗೆ ಬರುವ ಹೊತ್ತಿಗೆ ಆಳು ಸಿಕ್ಕಿರುತ್ತಾರೆ. ಗ್ರಂಥಪಾಲಕರಿಗೆ, ಪ್ಲೇಸ್‌ಮೆಂಟ್ ಅಧಿಕಾರಿಗೆ, ಪ್ರಾಜೆಕ್ಟ್ ನಡೆಸುವ ಮೇಷ್ಟ್ರಿಗೆ ಸೆಮಿಸ್ಟರ್ ಶುರುವಾದ ಮೊದಲ ವಾರದಲ್ಲೇ ಹೆಸರು, ಫೋನ್ ನಂಬರ್, ಖಾಲಿ ಇರುವ ಹೊತ್ತು ಬರೆದ ಚೀಟಿ ಕೊಟ್ಟಿಡಿ.

ಊರಿನ ಕೆಲಸಕ್ಕೆ ಪಂಚಾಂಗ ಬೇಕು, ತಮಾಷೆಗೆ ಹೇಳುತ್ತಿಲ್ಲ. ಮದುವೆ ಊಟಕ್ಕೆ ಬಡಿಸುವ ಕೆಲಸ ಆಷಾಢದಲ್ಲಿ ಇಲ್ಲ, ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗಿನ ಧನುರ್ಮಾಸದಲ್ಲೂ ಇಲ್ಲ. ಮಾಘದಿಂದ ವೈಶಾಖದವರೆಗೆ ಆಳು ಸಾಲುವುದಿಲ್ಲ. ಬಟ್ಟೆ ಅಂಗಡಿಗಳಿಗೆ ದಸರೆ, ದೀಪಾವಳಿ, ರಂಜಾನ್ ಹಬ್ಬಕ್ಕೆ ಮುಂಚಿನ ಮೂರು-ನಾಲ್ಕು ವಾರ. ಜೆರಾಕ್ಸ್ ಮತ್ತು ಕಂಪ್ಯೂಟರ್ ಸೆಂಟರ್‌ಗಳಿಗೆ ಮೇನಿಂದ ಜುಲೈವರೆಗಿನ ಅಡ್ಮಿಷನ್ ಕಾಲ. ಸಿರುಗುಪ್ಪ, ಸಿಂಧನೂರು, ಗಂಗಾವತಿ, ಕಾರಟಗಿ ಕಡೆಯವರಾದರೆ ಭತ್ತದ ಕೊಯ್ಲಿನ ನವೆಂಬರ್-ಡಿಸೆಂಬರ್‌ನಲ್ಲಿ ರೈಸ್‌ಮಿಲ್ಲು, ಅಡತ್ ಅಂಗಡಿಗಳಲ್ಲಿ ತೂಕದ ಚೀಟಿ ಬರೆಯುವ, ಟ್ಯಾಲಿಯಲ್ಲಿ ಎಂಟ್ರಿ ಮಾಡುವ ಕೆಲಸ ಕೇಳಬಹುದು. ರಾಯಚೂರಿನಲ್ಲಿ ಅದೇ ಹೊತ್ತಿಗೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್. ಬೇಸಿಗೆ ಬೆಳೆಯ ಕೆಲಸ ಮಾತ್ರ ತುಂಗಭದ್ರೆಯ ನೀರಿನ ಮೇಲೆ ನಿಂತಿದೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಆತಂಕಪಟ್ಟದ್ದು ನೆನಪಿರಬೇಕು. ಕಾಲುವೆಗೆ ನೀರು ಬಿಡದ ಬೇಸಿಗೆಯಲ್ಲಿ ಮಿಲ್ಲಿಗೂ ಕೆಲಸವಿಲ್ಲ, ಗುಮಾಸ್ತನಿಗೂ ಇಲ್ಲ.

ಕೇಟರಿಂಗ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹುಡುಗರು ಮೊದಲು ಹೋಗುವುದೇ ಅಲ್ಲಿಗೆ. ಕಪ್ಪು ಪ್ಯಾಂಟು, ಬಿಳಿ ಅಂಗಿ ನಿಮ್ಮದೇ ಇರಬೇಕು. ದರ "ಒಂದು ಹೊತ್ತಿಗೆ" ಇರುತ್ತದೆ. ಆ ಹೊತ್ತು ಎಲ್ಲಿಂದ ಎಲ್ಲಿಗೆ ಎಂಬುದನ್ನು ಮೊದಲೇ ಕೇಳಿ. ರಿಸೆಪ್ಷನ್ ಊಟ ಅಂದರೆ ಸಂಜೆ 4ಕ್ಕೆ ಕರೆದು ರಾತ್ರಿ 12ಕ್ಕೆ ಬಿಡುತ್ತಾರೆ. 500 ಕೊಟ್ಟರೆ ಎಂಟು ತಾಸಿಗೆ ಭಾಗಿಸಿ, 62 ರೂಪಾಯಿ. ಬೆಳಗಿನ ಟಿಫಿನ್ ಸೇರಿದರೆ ಅದು ಎರಡನೇ ಹೊತ್ತು, ಬೇರೆ ದುಡ್ಡು. ಪಾತ್ರೆ ತೊಳೆಯುವುದು, ಲೋಡ್ ಇಳಿಸುವುದು ಬಡಿಸುವವರ ದರದಲ್ಲಿ ಸೇರಿದೆಯೋ ಇಲ್ಲವೋ ಎಂಬಲ್ಲಿಯೇ ಜಗಳ ಆಗುವುದು. ನಡುವೆ ಹುಡುಗರನ್ನು ಕೂಡಿಸಿಕೊಡುವ ಲೀಡರ್ ಒಬ್ಬ ಇರುತ್ತಾನೆ, ತಲೆಗೆ ಇಷ್ಟು ಎಂದು ಹಿಡಿದುಕೊಳ್ಳುತ್ತಾನೆ. ಅದು ರೂಢಿ. ಎಷ್ಟು ಹಿಡಿಯುತ್ತಾನೆ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕಲ್ಯಾಣ ಮಂಟಪ ಊರ ಹೊರಗಿದ್ದರೆ ರಾತ್ರಿ ವಾಪಸ್ ಗಾಡಿ ಯಾರದು ಎಂಬುದೂ ಇತ್ಯರ್ಥವಾಗಲಿ. ಸಾಂಬಾರಿನ ಬಕೆಟ್ಟನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಿಸಿಕೊಳ್ಳಬೇಡಿ. ಪಂಕ್ತಿಯ ನಡುವೆ ಮಕ್ಕಳು ಅಡ್ಡ ಓಡುತ್ತಾರೆ, ತುಳುಕಿದರೆ ಸುಡುವುದು ನಿಮ್ಮ ಕಾಲು.

ಜೀನ್ಸ್ ಘಟಕಗಳು ಬಳ್ಳಾರಿಯದೇ ವಿಶೇಷ. ಕೌಲ್‌ಬಜಾರಿನ ಓಣಿಗಳಿಂದ ಮುಂಡರಗಿಯ ಅಪೆರೆಲ್ ಪಾರ್ಕಿನವರೆಗೆ ಹರಡಿವೆ. ಹೊಲಿಗೆ ಗೊತ್ತಿಲ್ಲದವರಿಗೆ ಸಿಗುವುದು ದಾರ ಕತ್ತರಿಸುವ, ಗುಂಡಿ-ರಿವೆಟ್ ಹಚ್ಚುವ, ಮಡಚಿ ಪ್ಯಾಕ್ ಮಾಡುವ ಕೆಲಸ. ಎಲ್ಲವೂ ಪೀಸ್ ರೇಟ್. ಪೀಸಿಗೆ 2 ರೂಪಾಯಿ ಎಂದರೆ ಚೆನ್ನಾಗಿಯೇ ಕೇಳಿಸುತ್ತದೆ, ಆದರೆ ಒಂದು ಪ್ಯಾಂಟಿನ ದಾರ ತೆಗೆಯಲು ನಾಲ್ಕು ನಿಮಿಷ ಹಿಡಿದರೆ ತಾಸಿಗೆ 15 ಪೀಸು, 30 ರೂಪಾಯಿ ಮಾತ್ರ. ಒಪ್ಪುವ ಮುಂಚೆ ಅರ್ಧ ತಾಸು ಕೈ ಹಾಕಿ ನೋಡಿ ಎಣಿಸಿ. ಪೀಸಿನ ಎಣಿಕೆಗೆ ನಿಮ್ಮದೇ ಒಂದು ಚಿಕ್ಕ ನೋಟ್‌ಬುಕ್ ಇರಲಿ, ದಿನವೂ ಮೇಸ್ತ್ರಿಯ ಸಹಿ ಹಾಕಿಸಿ. ವಾಪಸ್ ಬಂದ ಮಾಲಿಗೆ ಕಡಿತ ಹಾಕುವಾಗ ಯಾರ ಪೀಸು ಎಂಬುದು ಹೀಗೆ ಬರೆದಿಟ್ಟಿದ್ದರೆ ಮಾತ್ರ ಗೊತ್ತಾಗುತ್ತದೆ. ಹಬ್ಬದ ಮುಂಗಡ ಎಂದು ದುಡ್ಡು ಮುಂದಿಟ್ಟರೆ ಬೇಡ ಅನ್ನಿ. ಮುಂಗಡ ತೀರುವವರೆಗೆ ಪರೀಕ್ಷೆ ಬಂದರೂ ಬಿಡಲಾಗದು. ವಾಷಿಂಗ್ ಘಟಕಕ್ಕಂತೂ ಹೋಗಲೇಬೇಡಿ. ಬಣ್ಣ ಮಾಸಿಸಲು ಬ್ಲೀಚು, ಪೊಟ್ಯಾಸಿಯಂ ಪರ್ಮಾಂಗನೇಟ್ ಸಿಂಪಡಿಸುತ್ತಾರೆ. ಸರಿಯಾದ ಮಾಸ್ಕ್, ಕೈಗವಸು ಇಲ್ಲದೆ ಅಲ್ಲಿ ನಿಲ್ಲುವ ಕೆಲಸ ವಿದ್ಯಾರ್ಥಿಗಷ್ಟೇ ಅಲ್ಲ, ಯಾರಿಗೂ ತಕ್ಕದ್ದಲ್ಲ.

ಕಂಪ್ಯೂಟರ್ ಸೆಂಟರ್ ಕೆಲಸಕ್ಕೆ ಕನ್ನಡ ಟೈಪಿಂಗ್ ಬಂದರೆ ಅರ್ಧ ಗೆದ್ದಂತೆ. ನುಡಿ ತಂತ್ರಾಂಶದ ಕೀಲಿಮಣೆ ಕಲಿತರೆ ಅದೇ ವಿನ್ಯಾಸ ಯೂನಿಕೋಡ್‌ಗೂ ನಡೆಯುತ್ತದೆ. ಹೊಸಬರು ಎಡವುವುದು ಇನ್ನೊಂದು ಕಡೆ: ಲಗ್ನಪತ್ರಿಕೆ, ಬ್ಯಾನರ್‌ಗೆ ಹಳೆಯ ಆಸ್ಕಿ ಫಾಂಟ್ ಬಳಸುತ್ತಾರೆ, ಅದೇ ಪಠ್ಯವನ್ನು ಸರಕಾರಿ ಪೋರ್ಟಲ್ಲಿಗೆ ಅಂಟಿಸಿದರೆ ಅಕ್ಷರ ಕಲಸುಮೇಲೋಗರವಾಗುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಎಲ್ಲ ಸರಿ ಇದೆಯೇ ಎಂದು ಓದಿ ನೋಡಿ, ಆಮೇಲೆ ಹಾಕಿ. ಫೋಟೊ, ಸಹಿಯನ್ನು ಕೇಳಿದ ಕೆಬಿಯೊಳಗೆ ಇಳಿಸುವುದು, ಪಿಡಿಎಫ್ ಜೋಡಿಸುವುದು ಎರಡು ದಿನದ ಕಲಿಕೆ. ಗಿರಾಕಿಯ ಒಟಿಪಿ, ಪಾಸ್‌ವರ್ಡ್ ನಿಮ್ಮ ಮೊಬೈಲಿನಲ್ಲಿ ಉಳಿಸಿಕೊಳ್ಳಬೇಡಿ, ನಾಳೆ ಏನಾದರೂ ಆದರೆ ಮೊದಲು ಕೇಳುವುದು ನಿಮ್ಮನ್ನೇ.

ಟ್ಯೂಷನ್‌ಗೆ ಜೂನ್‌ನಲ್ಲಿ ಶುರು ಮಾಡಬೇಕು, ಅಕ್ಟೋಬರ್‌ನಲ್ಲಿ ಮಕ್ಕಳು ಸಿಗುವುದಿಲ್ಲ. ಫೀಸು ತಿಂಗಳ ಮೊದಲೇ, 5ನೇ ತಾರೀಕಿನೊಳಗೆ. ಇದನ್ನು ಮೊದಲ ದಿನ ಹೇಳಲು ನಾಚಿಕೊಂಡವರು ಮಾರ್ಚ್‌ನಲ್ಲಿ ಮನೆ ಮನೆ ತಿರುಗುತ್ತಾರೆ. ಔಷಧ ಅಂಗಡಿಯಲ್ಲಿ ಬಿಲ್ಲು, ಸ್ಟಾಕ್ ನೋಡಿಕೊಳ್ಳಬಹುದು, ಆದರೆ ವೈದ್ಯರ ಚೀಟಿ ನೋಡಿ ಔಷಧ ಕೊಡುವುದು ನೋಂದಾಯಿತ ಫಾರ್ಮಸಿಸ್ಟರ ಕೆಲಸ, 1948ರ ಫಾರ್ಮಸಿ ಕಾಯ್ದೆಯ ಮಾತು ಅದು.

ಸ್ವಿಗ್ಗಿ, ಜೊಮ್ಯಾಟೊ ಡೆಲಿವರಿಗೆ 18 ತುಂಬಿರಬೇಕು. ಡ್ರೈವಿಂಗ್ ಲೈಸೆನ್ಸು, ಗಾಡಿಯ ಆರ್‌ಸಿ, ಇನ್ಶೂರೆನ್ಸು, ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಬೇಕು. ಇಲ್ಲಿಯೂ ಖರ್ಚು ಮೊದಲು ಕಳೆಯಿರಿ. ಒಂದು ಸಂಜೆಗೆ 60 ಕಿಲೋಮೀಟರ್, ಗಾಡಿ ಲೀಟರಿಗೆ 45 ಕೊಟ್ಟರೆ, ನೂರು ಮೀರಿದ ಪೆಟ್ರೋಲಿನಲ್ಲಿ 135ರಿಂದ 140 ರೂಪಾಯಿ ಹೋಯಿತು. ತಿಂಗಳಿಗೆ 1,500 ಕಿಲೋಮೀಟರ್ ದಾಟುವುದರಿಂದ ಎಂಜಿನ್ ಆಯಿಲ್ ಎರಡು ತಿಂಗಳಿಗೊಮ್ಮೆ, ಟಯರು ಬೇರೆ. ಸ್ವಂತ ಬಳಕೆಯ ಇನ್ಶೂರೆನ್ಸು ಡೆಲಿವರಿ ವೇಳೆಯ ಅಪಘಾತಕ್ಕೆ ನಡೆಯುತ್ತದೆಯೇ ಎಂದು ಏಜೆಂಟರನ್ನು ಕೇಳಿಯೇ ಗಾಡಿ ತೆಗೆಯಿರಿ. ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರಕಾರ ನಡೆಸುವ ಇ-ಶ್ರಮ್ ನೋಂದಣಿ ಪುಕ್ಕಟೆ. ಆ್ಯಪ್ ಮೂಲಕ ದುಡಿಯುವ ಇಂಥ ಗಿಗ್ ಕಾರ್ಮಿಕರಿಗೆಂದು ರಾಜ್ಯದಲ್ಲಿ 2025ರಲ್ಲಿ ಪ್ರತ್ಯೇಕ ಕಾಯ್ದೆಯೂ ಬಂದಿದೆ. ಕಂಪನಿ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಏಪ್ರಿಲ್-ಮೇ ಮಧ್ಯಾಹ್ನದ ಬಿಸಿಲಿಗೆ ಮಾತ್ರ ಯಾವ ಇನ್ಸೆಂಟಿವೂ ಸಮವಲ್ಲ, ರಾತ್ರಿ 7ರಿಂದ 10 ಸಾಕು.

ಬಸ್ಸಿನ ವಿಷಯದಲ್ಲಿ ಒಂದು ಮಾತು. ವಿದ್ಯಾರ್ಥಿ ಪಾಸು ನಡೆಯುವುದು ಮನೆ-ಕಾಲೇಜಿನ ಮಾರ್ಗದಲ್ಲಿ ಮಾತ್ರ. ಕುರುಗೋಡಿನಿಂದ ಬರುವವರು ಅದೇ ದಾರಿಯ ಮೇಲಿನ ಕೆಲಸ ಹಿಡಿದರೆ ಪ್ರಯಾಣ ಪುಕ್ಕಟೆ ಆದಂತೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇರುವುದರಿಂದ ಆ ಕಟ್ಟು ಇಲ್ಲ, ಸಾಮಾನ್ಯ ಬಸ್ಸು ಹತ್ತಿದರಾಯಿತು. ಅವರು ನೋಡಬೇಕಾದದ್ದು ಕೊನೆಯ ಬಸ್ಸಿನ ಹೊತ್ತು.

ಅಂಗಡಿಗೆ ಕೇಳಲು ಹೋಗುವುದು ಬೆಳಗ್ಗೆ 11ರ ಮೇಲೆ ಇಲ್ಲವೇ ಮಧ್ಯಾಹ್ನ 3ರ ಸುಮಾರಿಗೆ. ಸಂಜೆ ಗಿರಾಕಿ ತುಂಬಿದಾಗ ಹೋದರೆ "ಆಮೇಲೆ ಬಾ" ಎಂಬ ಉತ್ತರ ಖಾಯಂ. ಅಮಾವಾಸ್ಯೆ ಪೂಜೆಯ ದಿನವೂ ಬೇಡ. "ಅಣ್ಣಾರೆ, ಡಿಗ್ರಿ ಓದ್ಲಿಕ್ಕತ್ತೀನ್ರಿ. ಸಂಜೆ ಐದರಿಂದ ಒಂಬತ್ತರತನಕ ಖಾಲಿ ಇರ್ತೀನಿ. ಕೆಲಸ ಏನಾರ ಐತೇನ್ರಿ?" ಇಷ್ಟೇ ಸಾಕು. ಹೊತ್ತನ್ನು ನೀವೇ ಮೊದಲು ಹೇಳಿದರೆ ಅವರು ಹೇಳುವ ಹೊತ್ತಿಗೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ. ತೆಲುಗು, ಉರ್ದು ಬಂದರೆ ಅದನ್ನೂ ಹೇಳಿ. ಆಂಧ್ರದ ಗುಂತಕಲ್ಲು, ರಾಯದುರ್ಗದ ಗಿರಾಕಿಗಳು ಬರುವ ಊರಿದು, ಭಾಷೆಗೆ ಬೆಲೆ ಇದೆ. ಒಪ್ಪಿದ ದಿನ ಸಂಬಳ, ಹೊತ್ತು, ವಾರದ ರಜೆ, ಸಂಬಳದ ತಾರೀಕು ಇವಿಷ್ಟನ್ನು "ಇಂತಿಷ್ಟು ಮಾತಾಡಿಕೊಂಡೆವು ಅಣ್ಣಾ" ಎಂದು ಮಾಲೀಕರಿಗೆ ವಾಟ್ಸಾಪ್ ಮಾಡಿ. ನೇಮಕಾತಿ ಪತ್ರ ಕೊಡಬೇಕೆಂದು ಅಂಗಡಿಗಳ ಕಾಯ್ದೆಯಲ್ಲಿದೆ. ಕೈಗೆ ಸಿಗುವುದು ಅಪರೂಪವಾದ್ದರಿಂದ ಈ ಮೆಸೇಜೇ ನಿಮ್ಮ ದಾಖಲೆ. ದುಡ್ಡು ಕೊಡದೆ ಸತಾಯಿಸಿದರೆ ಅದನ್ನೂ ಹಾಜರಿ ಬರೆದ ನೋಟ್‌ಬುಕ್ಕನ್ನೂ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಅರ್ಜಿ ಕೊಡಬಹುದು.

ಮೂಲ ಅಂಕಪಟ್ಟಿ, ಮೂಲ ಆಧಾರ್ ಯಾರಿಗೂ ಒತ್ತೆ ಕೊಡಬೇಡಿ. ಜೆರಾಕ್ಸ್ ಕೊಡಿ, ಅದರ ಮೇಲೆ ಯಾವ ಕೆಲಸಕ್ಕೆ ಕೊಟ್ಟದ್ದು ಎಂದು ಬರೆದು ತಾರೀಕು ಹಾಕಿ. ಕೆಲಸ ಕೊಡಲು ನೋಂದಣಿ ಶುಲ್ಕ, ಐಡಿ ಕಾರ್ಡ್ ಶುಲ್ಕ, ಟ್ರೈನಿಂಗ್ ಕಿಟ್ ಎಂದು ದುಡ್ಡು ಕೇಳಿದವರಿಂದ ಎದ್ದು ಬನ್ನಿ. ಟೆಲಿಗ್ರಾಂನಲ್ಲಿ ವಿಡಿಯೊ ಲೈಕ್ ಮಾಡುವ ಟಾಸ್ಕಿಗೆ ಮೊದಲು ನೂರಿನ್ನೂರು ನಿಜವಾಗಿಯೂ ಬರುತ್ತದೆ. ಅದು ಗಾಳಕ್ಕೆ ಕಟ್ಟಿದ ಎರೆಹುಳು. ಆಮೇಲೆ "ಪ್ರೀಪೇಯ್ಡ್ ಟಾಸ್ಕ್" ಎಂದು ನಿಮ್ಮಿಂದ ಸಾವಿರಗಳನ್ನು ಹಾಕಿಸಿಕೊಳ್ಳುತ್ತಾರೆ. ಇದಕ್ಕಿಂತ ಕೆಟ್ಟದ್ದು, ಕಮಿಷನ್ ಆಸೆಗೆ ನಿಮ್ಮ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಬಾಡಿಗೆಗೆ ಕೊಡುವುದು. ಬೇರೆಯವರಿಂದ ದೋಚಿದ ದುಡ್ಡು ನಿಮ್ಮ ಖಾತೆಯಲ್ಲಿ ಹಾದು ಹೋಗುತ್ತದೆ. ಖಾತೆ ಫ್ರೀಜ್ ಆಗುತ್ತದೆ, ವಿದ್ಯಾರ್ಥಿವೇತನವೂ ಅದರಲ್ಲೇ ಸಿಕ್ಕಿಬೀಳುತ್ತದೆ, ಪೊಲೀಸರು ಹುಡುಕಿಕೊಂಡು ಬರುವುದು ಖಾತೆದಾರನನ್ನು. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ತಾಸಿನಲ್ಲಿ ಹೇಳಿದರೆ ಮುಂದಿನ ಖಾತೆಯಲ್ಲಿ ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಪರೀಕ್ಷೆಯ ವೇಳಾಪಟ್ಟಿ ಬಂದ ದಿನವೇ ಮಾಲೀಕರಿಗೆ ರಜೆಯ ತಾರೀಕು ಹೇಳಿ, ಸಾಧ್ಯವಾದರೆ ಆ ಹದಿನೈದು ದಿನಕ್ಕೆ ನಿಮ್ಮ ಬದಲಿಗೆ ಬರುವ ಗೆಳೆಯನನ್ನು ನೀವೇ ತೋರಿಸಿ. ಹಿಂದಿನ ತಿಂಗಳ ಬಾಕಿ ಇದ್ದರೆ ರಜೆ ಹಾಕುವ ಮುಂಚೆಯೇ ವಸೂಲಿ ಮಾಡಿಕೊಳ್ಳಿ.