ರಾಮಟಂಕ ಗುರುತಿಸುವಾಗ ಇಸವಿಯನ್ನು ಕೊನೆಗೆ ಓದಿ

ರಾಮಟಂಕ ಎಂದರೆ ರಾಮನ ಚಿತ್ರವಿರುವ, ಪೂಜೆಗೆ ಇಡುವ ನಾಣ್ಯದಂಥ ಬಿಲ್ಲೆ. ಒಂದು ಬದಿಯಲ್ಲಿ ಶ್ರೀರಾಮ ಪಟ್ಟಾಭಿಷೇಕ, ಇನ್ನೊಂದು ಬದಿಯಲ್ಲಿ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದಿರುವ ತಾಮ್ರದ ಬಿಲ್ಲೆ ನಿಮ್ಮಲ್ಲಿದ್ದರೆ ಅದು ಕಂಪನಿಯ ನಾಣ್ಯವಲ್ಲ. ಹೋಲಿಸಿ ನೋಡಲು, ಕಂಪನಿಯ 1835ರ ಅಸಲಿ ತಾಮ್ರದ ಅರ್ಧಾಣೆ ಸುಮಾರು 13 ಗ್ರಾಂ ತೂಗುತ್ತದೆ. ಅದರಲ್ಲಿ ಇರುವುದು ಕಂಪನಿಯ ಲಾಂಛನ, ದೇವರ ಚಿತ್ರವಲ್ಲ. 1616, 1717, 1818 ಇಸವಿಗಳ ದೇವರ ಬಿಲ್ಲೆಗಳೆಲ್ಲ ಪೂಜೆಗೆ, ಮಾರಾಟಕ್ಕೆ ಆಮೇಲೆ ಮಾಡಿದವು. ಲಕ್ಷಾಂತರ ರೂಪಾಯಿ ಬೆಲೆ ಹೇಳುವ ವಿಡಿಯೊಗಳನ್ನು ದಯವಿಟ್ಟು ನಂಬಬೇಡಿ.

ದೇವರಿರುವ ಅಸಲಿ ನಾಣ್ಯಗಳು ಇಲ್ಲವೆಂದಲ್ಲ. ಕೃಷ್ಣದೇವರಾಯನ ವರಹದಲ್ಲಿ ಬಾಲಕೃಷ್ಣನಿದ್ದಾನೆ. ವಿಜಯನಗರದ ಅರವೀಡು ವಂಶದ ತಿರುಮಲರಾಯನ ನಾಣ್ಯದಲ್ಲಿ ರಾಮ ಸೀತೆಯರು ಕುಳಿತಿದ್ದಾರೆ, ಲಕ್ಷ್ಮಣ ನಿಂತಿದ್ದಾನೆ. ಮದ್ರಾಸಿನಲ್ಲಿ ಕಂಪನಿಯೇ ಮೂರು ಮೂರ್ತಿಗಳ ವರಹ ಹೊರಡಿಸಿತ್ತು. ಆದರೆ ಪೂರ್ಣ ವರಹ ಎಂದರೆ ಸುಮಾರು 3.4 ಗ್ರಾಂ ಚಿನ್ನ, ಬೆರಳ ಉಗುರಿನಷ್ಟು ಪುಟ್ಟದು. ರೂಪಾಯಿ ಗಾತ್ರದ ಹಿತ್ತಾಳೆ ಬಿಲ್ಲೆಗೆ ಆ ವಂಶಾವಳಿ ಅಂಟಿಸಲಾಗದು.

ಉತ್ತರ ಭಾರತದ ರಾಮಟಂಕದಲ್ಲಿ ಸಾಮಾನ್ಯವಾಗಿ ಒಂದು ಬದಿ ರಾಮನ ಆಸ್ಥಾನ, ಮತ್ತೊಂದು ಬದಿ ಬಿಲ್ಲು ಹಿಡಿದು ನಿಂತ ರಾಮ ಲಕ್ಷ್ಮಣರು. ಸುತ್ತಲಿನ ನಾಗರಿ ಬರಹ ‘ರಾಮ ಲಛಮನ ಜಾನಕೀ, ಜಯ ಬೋಲೋ ಹನುಮಾನ ಕೀ’. ಅಚ್ಚು ಕೆತ್ತಿದವರು ಸ್ವರಚಿಹ್ನೆಗಳನ್ನು ಬಿಟ್ಟಿರುವುದರಿಂದ ಅರ್ಥವಿಲ್ಲದ ಅಕ್ಷರಗಳಂತೆ ಕಾಣುತ್ತದೆ. ಕೆಳಗೆ ‘51740’ ಎಂಬಂಥ ಅಂಕಿ ಇದ್ದರೆ ಅದನ್ನು 1740 ಎಂದು ಓದಬೇಡಿ, ಅದು ತಯಾರಾದ ವರ್ಷವಲ್ಲ. ಗಡ್ಡವಿರುವ ಗುರು, ಪಕ್ಕದಲ್ಲಿ ರಬಾಬ್ ನುಡಿಸುವವನು ಕಂಡರೆ ಅದು ಗುರು ನಾನಕರ ಸಿಖ್ ಬಿಲ್ಲೆ.

ಲೋಹ ತಿಳಿಯಲು 0.01 ಗ್ರಾಂ ತೋರಿಸುವ ತಕ್ಕಡಿ ಸಾಕು. ಮೊದಲು ಒಣ ಬಿಲ್ಲೆ ತೂಗಿ. ಆಮೇಲೆ ನೀರಿನ ಲೋಟ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ. ಬಿಲ್ಲೆಯನ್ನು ಸಣ್ಣ ನೈಲಾನ್ ದಾರದಲ್ಲಿ ಕಟ್ಟಿ ಪೂರ್ತಿ ಮುಳುಗಿಸಿ, ತಳಕ್ಕೂ ಅಂಚಿಗೂ ತಾಗದಂತೆ ಹಿಡಿಯಿರಿ. ಒಣ ತೂಕವನ್ನು ಆಗ ಕಾಣುವ ಸಂಖ್ಯೆಯಿಂದ ಭಾಗಿಸಿ. 11.20 ಗ್ರಾಂ ಬಿಲ್ಲೆಗೆ 1.07 ಬಂದರೆ ಸಾಂದ್ರತೆ 10.5, ಅಂದರೆ ಬೆಳ್ಳಿ. 1.29 ಬಂದರೆ 8.7: ಬೆಳ್ಳಗೆ ಹೊಳೆದರೂ ಜರ್ಮನ್ ಸಿಲ್ವರ್ (ಬೆಳ್ಳಿಯಿಲ್ಲದ ಮಿಶ್ರಲೋಹ) ಅಥವಾ ಬೆಳ್ಳಿ ನೀರು ಕೊಟ್ಟ ಹಿತ್ತಾಳೆ. ತಳ ತಾಗಿದರೆ ಬಿಲ್ಲೆಯ ಭಾರವೂ ಸೇರಿ ಲೆಕ್ಕ ಕೆಡುತ್ತದೆ. ಗೆರೆಗಳಲ್ಲಿ ಗುಳ್ಳೆ ಉಳಿದರೆ ಬೆಳ್ಳಿಯೂ ಹಗುರವಾಗಿ ತೋರುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ಕೊರಳಿಗೆ ಹಾಕಲು ಕೊಂಡಿ ಬೆಸೆದಿದ್ದರೆ ಬೆಸುಗೆಯ ಲೋಹವೂ ಸೇರುವುದರಿಂದ ಫಲಿತಾಂಶ ಅಂದಾಜು ಮಾತ್ರ.

ಎರಕ ಹೊಯ್ದದ್ದೋ, ಟಂಕಿಸಿದ್ದೋ (ಅಚ್ಚಿನಿಂದ ಒತ್ತಿದ್ದೋ) ಎಂದು ಹತ್ತು ಪಟ್ಟು ಮಸೂರದಲ್ಲಿ ನೋಡಿ. ಅಂಚಿನ ಸುತ್ತ ಗೆರೆ, ಅದನ್ನು ಅರದಿಂದ ಉಜ್ಜಿದ ಗುರುತು, ಮೈಮೇಲೆ ಸೂಜಿಮೊನೆಯಂಥ ಕುಳಿ ಇದ್ದರೆ ಎರಕ. ಸವೆತವನ್ನೂ ಗಮನಿಸಿ: ಬಳಸಿ ಸವೆದಿದ್ದರೆ ಮುಖ, ಮೊಣಕಾಲಿನಂಥ ಉಬ್ಬುಗಳು ಮೊದಲು ನುಣುಪಾಗುತ್ತವೆ. ತಗ್ಗುಗಳೂ ಅಷ್ಟೇ ಮಸುಕಾಗಿದ್ದರೆ ಬೇರೊಂದು ಬಿಲ್ಲೆಯಿಂದ ಅಚ್ಚು ತೆಗೆದಿರಬಹುದು.

ಹುಣಸೆಹಣ್ಣು, ಪೀತಾಂಬರಿ ಹಾಕಿ ತಿಕ್ಕಲೇಬೇಡಿ. ಗೆರೆಗಳಲ್ಲಿ ಕೂತ ಕುಂಕುಮ, ಅರಿಸಿನ, ಗಂಧವೇ ಪೂಜೆಯಲ್ಲಿ ಇಟ್ಟಿದ್ದಕ್ಕೆ ಸಾಕ್ಷಿ. ಅದು ಹೋದರೆ ಮತ್ತೆ ಬಾರದು. ಚೀಟಿಯಲ್ಲಿ ಕಂಡದ್ದನ್ನಷ್ಟೇ ಬರೆಯಿರಿ: ರಾಮಟಂಕ, ಹಿತ್ತಾಳೆ, ಎರಕ, 28 ಮಿಲಿಮೀಟರ್, 11.20 ಗ್ರಾಂ, ನಾಗರಿ ಬರಹ, ಮೇಲಿರುವ ಇಸವಿ ಕಾಲ್ಪನಿಕ.