ಮೃಗಶಿರೆ ಮಳೆಗೆ ಮುಂಚೆ ಒಂದು ಮಾಡು

ಏಪ್ರಿಲ್, ಮೊದಲ ಭಾನುವಾರ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆ ಬಿಟ್ಟು ಒಳಗೆ ಮೂರು ಕಿಲೋಮೀಟರ್. ಮಣ್ಣಿನ ಗೋಡೆ, ಹಂಚಿನ ಮಾಡು (ಚಾವಣಿ). ಮನೆಯಲ್ಲಿ ಅಜ್ಜಿ, ಸೊಸೆ, ಏಳನೇ ಕ್ಲಾಸಿನ ಮೊಮ್ಮಗಳು.

ಪುಕ್ಕಟೆಯಾಗಿ ಮಾಡು ರಿಪೇರಿ ಮಾಡಿಕೊಡಲು ಹೋದ ವರ್ಷವೂ ನಮ್ಮ ಗುಂಪು ಇಲ್ಲಿಗೆ ಬಂದಿತ್ತು. ಒಡೆದ ಹಂಚು ತೆಗೆದು ಹೊಸದು ಹಾಕಿ, ಫೋಟೊ ತೆಗೆಸಿಕೊಂಡು, ಅವಲಕ್ಕಿ ತಿಂದು ಹೋಗಿದ್ದೆವು. ಜುಲೈಯಲ್ಲಿ ಮನೆಯೊಳಗೆ ಎಂಟು ಕಡೆ ಪಾತ್ರೆ ಇಟ್ಟಿದ್ದರಂತೆ. ಅಜ್ಜಿ ಇದನ್ನು ನಮಗೆ ಹೇಳಲೇ ಇಲ್ಲ. ಪುಕ್ಕಟೆ ಕೆಲಸ ಮಾಡಿಕೊಟ್ಟವರ ಹತ್ತಿರ ಹೇಗೆ ಹೇಳುವುದು, ಅಲ್ವಾ? ಇವತ್ತು ಮೊಮ್ಮಗಳು ಹೇಳಿದಳು, ಬೆರಳು ಮಡಚಿ ಎಂಟೂ ಜಾಗ ಎಣಿಸಿ ತೋರಿಸಿದಳು.

ಅದಕ್ಕೇ ಈ ಸಲ ಮರಗೆಲಸದ ಆಚಾರ್ರನ್ನು ಕರೆದುಕೊಂಡು ಬಂದಿದ್ದೇವೆ. ಅವರು ಹಂಚಿನ ಕಡೆ ನೋಡಲೇ ಇಲ್ಲ. ಒಳಗೆ ನಿಂತು, ಕತ್ತು ಎತ್ತಿ, ಮಾಡು ಹೊರುವ ಓರೆ ಮರಗಳಾದ ಪಕಾಸಿಗಳ ಸಾಲನ್ನು ಒಂದು ಕಣ್ಣು ಮುಚ್ಚಿ ನೋಡಿದರು. "ಹಂಚು ಸೋರೋದಲ್ಲ ಹುಡುಗ್ರೆ, ಮರ ಸೋರೋದು" ಎಂದರು.

ವಿಷಯ ಇಷ್ಟು. ಪಡುವಣ ಮಗ್ಗುಲಿನ ಐದು ಪಕಾಸಿಗಳಿಗೆ ಗೆದ್ದಲು ಹಿಡಿದು ನಡು ಬಗ್ಗಿದೆ. ಅದರ ಮೇಲೆ ಅಡ್ಡಕ್ಕೆ ಹೊಡೆದ ಮರದ ಪಟ್ಟಿ, ಅಂದರೆ ರೀಪು, ರೀಪಿನ ಮೇಲಿನ ಹಂಚು, ಎಲ್ಲವೂ ಜೊತೆಗೆ ಕುಸಿದಿವೆ. ಹಂಚಿಗೆ ಹಂಚು ಕಚ್ಚಿಕೊಳ್ಳುವ ಜಾಗ ಬಾಯಿ ಬಿಟ್ಟಿದೆ. ಇಳಿಜಾರು ಕಡಿಮೆಯಾದ ಕಡೆ ನೀರು ನಿಧಾನವಾಗುತ್ತದೆ, ಗಾಳಿ ಹೊಡೆದರೆ ಹಿಂದಕ್ಕೇ ನುಗ್ಗುತ್ತದೆ. ಒಳಗೆ ಬಂದ ಹನಿ ಅಲ್ಲೇ ಬೀಳುವುದಿಲ್ಲ. ಪಕಾಸಿಯ ಅಡಿ ಹಿಡಿದು ನಾಲ್ಕು ಅಡಿ ಓಡಿ, ಗಂಟು ಸಿಕ್ಕಿದ ಕಡೆ ತೊಟ್ಟಿಕ್ಕುತ್ತದೆ. ನಾವು ಹೋದ ವರ್ಷ ತೊಟ್ಟಿಕ್ಕುವ ಜಾಗದ ನೆತ್ತಿಯ ಹಂಚನ್ನೇ ಬದಲಾಯಿಸುತ್ತಾ ಹೋಗಿದ್ದೆವು!

ಹೊಸ ಮನೆಗೆ ಸರ್ಕಾರದ ದುಡ್ಡು ಸಿಗುವುದಿಲ್ಲವೇ ಎಂದು ಗುಂಪಿನ ಹೊಸಬನೊಬ್ಬ ಕೇಳಿದ. ಜಾಗಕ್ಕೆ ಹಕ್ಕುಪತ್ರ ಇಲ್ಲ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡುವ 94ಸಿ ಕಲಮಿನ ಅಡಿಯಲ್ಲಿ ಅರ್ಜಿ ಹಾಕಿ ಕಾಯುತ್ತಿದ್ದಾರೆ. ಮಳೆ ಮಾತ್ರ ಯಾವ ಅರ್ಜಿಗೂ ಕಾಯುವುದಿಲ್ಲ.

ಏಪ್ರಿಲ್, ಮೂರನೇ ಭಾನುವಾರ

ಪಡುವಣ ಮಗ್ಗುಲು ಪೂರ್ತಿ ಬಿಚ್ಚಿದೆವು. ಚದರ ಮೀಟರಿಗೆ ಸುಮಾರು 15 ಹಂಚು ಹಿಡಿಯುತ್ತದೆ. ಈ ಒಂದು ಮಗ್ಗುಲಿಗೇ ಐನೂರು ದಾಟಿತು. ಒಂದೊಂದೂ ಎರಡೂವರೆ ಕಿಲೋ ಅಂದರೂ ಒಟ್ಟು ಒಂದು ಟನ್ನಿಗೂ ಜಾಸ್ತಿ. ಗೆದ್ದಲು ತಿಂದ ಪಕಾಸಿಗಳು ಇಷ್ಟು ದಿನ ಅದನ್ನು ಹೊತ್ತಿದ್ದೇ ದೊಡ್ಡದು.

ಮೇಲಿಂದ ಕೆಳಕ್ಕೆ ಬಿಚ್ಚುವುದು, ಕೆಳಗಿಂದ ಮೇಲಕ್ಕೆ ಹೊದಿಸುವುದು. ಕಾಲು ಇಡುವುದು ರೀಪಿನ ಮೇಲೆ ಹಂಚು ಕೂತ ಜಾಗದಲ್ಲಿ ಮಾತ್ರ. ನಡುವೆ ಇಟ್ಟರೆ ಟಪ್. ನಾನು 78 ಕಿಲೋ ಇರುವುದರಿಂದ ನನ್ನನ್ನು ಕೆಳಗೇ ನಿಲ್ಲಿಸಿದರು. ಕೈಯಿಂದ ಕೈಗೆ ಬಂದ ಹಂಚನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುವುದು ನನ್ನ ಪಾಲಿನ ಕೆಲಸ. ಟಣ್ ಎಂದರೆ ಎಡಕ್ಕೆ, ಡಬ್ ಎಂದರೆ ಬಲಕ್ಕೆ. ಡಬ್ ಎಂದವು 140. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಕೇಳುತ್ತದೆ. ಸಂಜೆ ಹೊತ್ತಿಗೆ ಗೆಣ್ಣು ಊದಿತ್ತು. ಒಡೆದ ಹಂಚಿನ ಅರ್ಧ ಲೆಕ್ಕ ಮಂಗಗಳದ್ದು ಎಂದು ಅಜ್ಜಿ. ಹಲಸಿನ ಮರದಿಂದ ಮಾಡಿಗೇ ಹಾರುತ್ತವಂತೆ.

ಮೇ, ಮೊದಲ ವಾರ

ಈಗ 140 ಹಂಚು ಬೇಕು. ಅಂಗಡಿಯಿಂದ ತಂದರೆ ಆಗಲ್ವಾ? ಆಗಲ್ಲ. ಹೋದ ವರ್ಷ ಕಲಿತ ಇನ್ನೊಂದು ಪಾಠ ಇದು.

ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಈ ಹಂಚನ್ನು ಆಮೇಲೆ ಎಷ್ಟೋ ಕಾರ್ಖಾನೆಗಳು ಮಾಡಿದವು. ಎಲ್ಲದಕ್ಕೂ ನಾವು ಮಂಗಳೂರು ಹಂಚು ಅಂತಲೇ ಹೇಳುತ್ತೇವೆ. ಆದರೆ ಒಂದು ಕಾರ್ಖಾನೆಯ ಅಚ್ಚಿಗೂ ಇನ್ನೊಂದರ ಅಚ್ಚಿಗೂ ಕಾಲು ಇಂಚು, ಅರ್ಧ ಇಂಚು ವ್ಯತ್ಯಾಸ ಇರುತ್ತದೆ. ರೀಪು ಹೊಡೆದಿರುವುದು ಹಳೇ ಹಂಚಿನ ಅಳತೆಗೆ. ಬೇರೆಯದನ್ನು ನಡುವೆ ತೂರಿಸಿದರೆ ಅಕ್ಕಪಕ್ಕದ ಹಂಚೂ ಎದ್ದು ನಿಲ್ಲುತ್ತದೆ. ನಾವು ಹಾಕಿದ್ದ 30 ಹೊಸ ಹಂಚುಗಳ ಸುತ್ತ ಆಗಿದ್ದು ಅದೇ.

ಹಂಚಿನ ಬೆನ್ನ ಮೇಲಿನ ಅಚ್ಚಿನ ಫೋಟೊ ಹಿಡಿದು ಎರಡು ವಾರ ಊರೂರು ಅಲೆದೆವು. ಹಳೇ ಮನೆ ಬಿಚ್ಚಿದ ಸುದ್ದಿ ಸಿಕ್ಕಿದರೆ ಸಾಕು, ಬೈಕ್ ಹತ್ತುವುದು. ಕೊನೆಗೆ ಕೊಪ್ಪದ ಕಡೆ ಒಬ್ಬರು ಕೊಟ್ಟಿಗೆಯ ಹಂಚು ತೆಗೆದು ಶೀಟ್ ಹಾಕಿಸುತ್ತಿದ್ದರು. ಅದೇ ಅಚ್ಚು! ಪಾಚಿ ಕಟ್ಟಿತ್ತು, ಆದರೆ ಬಡಿದರೆ ಗಂಟೆಯ ಹಾಗೆ ದನಿ. "ದುಡ್ಡು ಎಂತಕ್ಕೆ ಮಾರಾಯ್ರೆ, ಗಾಡಿ ತಂದು ತುಂಬಿಸ್ಕೊಂಡು ಹೋಗಿ" ಎಂದರು. 200 ಸಿಕ್ಕವು. ಮೊಮ್ಮಗಳು ತೆಂಗಿನ ನಾರು ಹಿಡಿದು ಒಂದೊಂದನ್ನೂ ತಿಕ್ಕಿದಳು.

ಮೇ, ಎರಡನೇ ಭಾನುವಾರ

ಐದು ಪಕಾಸಿ ಬದಲಾಯಿಸಿ, ಹೊಸ ರೀಪು ಹೊಡೆದಾಯಿತು. ಹಳೇ ಹಂಚನ್ನೇ ಅಳತೆಗೋಲು ಮಾಡಿಕೊಂಡು ಆಚಾರ್ರು ಒಂದೊಂದು ರೀಪಿನ ಜಾಗ ಗುರುತು ಮಾಡಿದರು.

ಮರಕ್ಕೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಬಳಿದೆವು. ಗೆದ್ದಲು ಅದರ ಹತ್ತಿರ ಸುಳಿಯುವುದಿಲ್ಲ. ಚರ್ಮಕ್ಕೆ ತಾಗಿದರೆ ಮಾತ್ರ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಗ್ಲೌಸ್ ಹಾಕಿಕೊಳ್ಳಿ ಎಂದು ಎಲ್ಲರಿಗೂ ಹೇಳಿದ ನಾನೇ ಬೆವರು ಒರೆಸಲು ಗ್ಲೌಸ್ ಹಾಕಿದ ಕೈಯನ್ನು ಹಣೆಗೆ ತಂದೆ. ಒಂದು ವಾರ ಆಫೀಸಿನಲ್ಲಿ ಎಲ್ಲರಿಗೂ ಕಥೆ ಹೇಳಿದ್ದೇ ಹೇಳಿದ್ದು.

ಅದೇ ಸಂಜೆ ಗುಡುಗು. ಮಾಡು ತೆರೆದೇ ಇತ್ತು. ಟಾರ್ಪಾಲ್ ಕಟ್ಟಿದೆವು, ಆದರೆ ಒಂದು ಮೂಲೆ ಸರಿಯಾಗಿ ಬಿಗಿದಿರಲಿಲ್ಲ. ಗಾಳಿಗೆ ಕಿತ್ತು ಬಂದು ಅರ್ಧ ಚೀಲ ಅಕ್ಕಿ ನೆನೆಯಿತು. ಅಜ್ಜಿ "ಹೋಗ್ಲಿ ಬಿಡಿ, ಒಣಗಿಸಿ ಹಿಟ್ಟು ಮಾಡಿದ್ರಾಯ್ತು" ಎಂದರು. ಸೊಸೆ ಏನೂ ಮಾತಾಡಲಿಲ್ಲ. ಆ ಸುಮ್ಮನಿದ್ದದ್ದು ನಮಗೆ ಸರಿಯಾಗಿ ತಾಗಿತು. ಮರುದಿನ ಅಕ್ಕಿ ತಂದುಕೊಟ್ಟೆವು. ಇನ್ನು ಮುಂದೆ ಒಂದು ದಿನದಲ್ಲಿ ಮುಚ್ಚಲು ಆಗುವಷ್ಟನ್ನೇ ಬಿಚ್ಚುವುದು ಎಂದು ತೀರ್ಮಾನ ಮಾಡಿದ್ದೇವೆ.

ಮೇ, ಕೊನೆಯ ಭಾನುವಾರ

ಹೊದಿಸಿ ಮುಗಿಯಿತು. ಎರಡು ಮಗ್ಗುಲು ಸೇರುವ ಕಡೆಯ ಮೂಲೆಹಂಚಿಗೆ ಗಾರೆ ಹಾಕಿ, ಪಡುವಣ ಗೋಡೆಗೆ ಇರಚಲು ಹೊಡೆಯದ ಹಾಗೆ ಅಡಕೆ ಸೋಗೆಯ ತಟ್ಟಿ ಕಟ್ಟಿದೆವು. ತಟ್ಟಿ ಕಟ್ಟುವುದರಲ್ಲಿ ಸೊಸೆಯ ಕೈಗೆ ನಮ್ಮ ನಾಲ್ಕು ಜನರ ಕೈ ಸಮ ಇಲ್ಲ.

ಓದುವ ಜಾಗಕ್ಕೆ ಒಂದು ಗಾಜಿನ ಹಂಚು ಬೇಕು ಎಂದು ಮೊಮ್ಮಗಳು ಕೇಳಿದ್ದಳು. ಪೇಟೆಯಿಂದ ಹೊಸದು ತಂದೆ. ಆಚಾರ್ರು ಅದನ್ನು ತಿರುಗಿಸಿ ನೋಡಿ, "ಇದು ನಮ್ಮ ಹಂಚಿಗೆ ಕಚ್ಚಲ್ಲ" ಎಂದರು. ಹುಡುಗಿಯ ಮುಖ ನೋಡಿ ನಾನೇ ಹಟ ಮಾಡಿ ಹಾಕಿಸಿದೆ.

ಜೂನ್, ಮೃಗಶಿರೆ ಹಿಡಿದ ಎರಡನೇ ದಿನ

ರಾತ್ರಿಯಿಡೀ ಜೋರು ಮಳೆ. ಬೆಳಿಗ್ಗೆ ಏಳಕ್ಕೇ ಮೊಮ್ಮಗಳ ಫೋನ್. "ಅಣ್ಣಾ, ಒಂದೇ ಕಡೆ ಸೋರ್ತಾ ಇದೆ."

ಎಲ್ಲಿ ಎಂದು ಕೇಳಬೇಕಾಗಿರಲಿಲ್ಲ. ಗಾಜಿನ ಹಂಚು ತೆಗೆದು ಮಾಮೂಲಿ ಹಂಚು ಹಾಕಿಬಿಡಲು ಹೇಳು ಎಂದು ಹಿಂದಿನಿಂದ ಅಜ್ಜಿಯ ದನಿ. ಬೇಡ ಅಣ್ಣಾ, ನಾನು ಚಾಪೆ ಒಂದಡಿ ಈಚೆ ಎಳ್ಕೊಂಡಿದೀನಿ, ಬೆಳಕು ಚೆನ್ನಾಗಿದೆ ಎಂದು ಇವಳು.

ಭಾನುವಾರ ಮತ್ತೆ ಕೊಪ್ಪದ ಕಡೆ ಹೋಗುತ್ತಿದ್ದೇವೆ. ಆ ಕೊಟ್ಟಿಗೆಯ ಮಾಡಿನಲ್ಲಿ ಎರಡು ಹಳೇ ಗಾಜಿನ ಹಂಚು ಇದ್ದದ್ದು ನೆನಪಿದೆ.