ಎರಡೂ ಹೆಸರು ಬರಿ

ನಮ್ಮ ಸಮಾಜ ವಿಜ್ಞಾನದ ಟೀಚರ್ ತೀರಿಕೊಂಡರು. ಶಾಲೆಯ ಸಂಚಿಕೆಗೆ ನೆನಪು ಬರೆದುಕೊಡಿ ಎಂದು ಫೋನ್ ಬಂದಾಗ, ಅವರು ಮಾಡಿದ ಪಾಠ ಯಾವುದಾದರೂ ತಲೆಯಲ್ಲಿ ಉಳಿದಿದೆಯಾ ಎಂದು ಹುಡುಕಿದೆ. ಪಾಣಿಪತ್‌ನಲ್ಲಿ ಎಷ್ಟು ಯುದ್ಧ ಆದವು, ಯಾರು ಗೆದ್ದರು, ಒಂದೂ ಇಲ್ಲ. ಲೆಕ್ಕದ ಮಾಸ್ತರ ಬೆತ್ತ ನೆನಪಿದೆ. ಟೀಚರ ಸೈಕಲ್ ನೆನಪಿದೆ.

ಆಗ 1990. ನಾನು ಒಂಬತ್ತನೇ ಕ್ಲಾಸು. ಬೀದರಿನಲ್ಲಿ ಸೀರೆ ಉಟ್ಟು ಸೈಕಲ್ ತುಳಿಯುವ ಇನ್ನೊಬ್ಬ ಹೆಂಗಸನ್ನು ನಾನಂತೂ ನೋಡಿರಲಿಲ್ಲ. ಚೌಬಾರದ ಹತ್ತಿರ ಅವರು ಬಂದರೆ ಚಹಾ ಕುಡಿಯುವವರು ಬಸಿ ಕೆಳಗಿಟ್ಟು ನೋಡುತ್ತಿದ್ದರು. ಟೀಚರ್ ಬೇಕಂತಲೇ ಜಾಸ್ತಿ ಗಂಟೆ ಬಾರಿಸುತ್ತಿದ್ದರು.

ಕ್ಲಾಸಿನಲ್ಲಿ ಗಾಂಧಿ, ನೆಹರೂ ಪಕ್ಕ ಅವರೇ ತಂದು ಹಾಕಿದ ಸಾವಿತ್ರಿಬಾಯಿ ಫುಲೆಯವರ ಚಿತ್ರ ಇತ್ತು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆಗೆದಾಗ ಆಕೆಗೆ ಹದಿನೇಳು ವರ್ಷ. ದಾರಿಯಲ್ಲಿ ಜನ ಸಗಣಿ ಎಸೆಯುತ್ತಿದ್ದರಂತೆ, ಅದಕ್ಕೆ ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡೇ ಹೋಗುತ್ತಿದ್ದಳಂತೆ. ಪಾಣಿಪತ್ ಮರೆತ ನನಗೆ ಇದು ಮಾತ್ರ ಹೇಗೆ ಉಳಿಯಿತೋ.

ಹಿಂದಿನ ವರ್ಷ ನಮ್ಮ ಜಿಲ್ಲೆಯಲ್ಲಿ ಮಹಿಳಾ ಸಮಖ್ಯಾ ಎಂಬ ಸರ್ಕಾರಿ ಯೋಜನೆ ಶುರುವಾಗಿತ್ತು. ರಾಜ್ಯದಲ್ಲಿ ಮೊದಲು ಆರಿಸಿದ್ದು ಮೂರೇ ಜಿಲ್ಲೆ, ಬೀದರ್, ಬಿಜಾಪುರ, ಮೈಸೂರು. ಹಳ್ಳಿ ಹಳ್ಳಿಯಲ್ಲಿ ಹೆಂಗಸರ ಸಂಘ ಕಟ್ಟುವ ಕೆಲಸ. ಟೀಚರ್‌ಗೆ ಅದರಲ್ಲಿ ಸಂಬಳ ಗಿಂಬಳ ಏನೂ ಇರಲಿಲ್ಲ. ಸುಮ್ನೆ ತಾವಾಗಿಯೇ ಹೋಗುತ್ತಿದ್ದರು. ಹೊಲದ ಕೆಲಸ, ಅಡುಗೆ ಮುಗಿದ ಮೇಲೆ ತಾನೆ ಹೆಂಗಸರಿಗೆ ಪುರುಸೊತ್ತು? ಹಾಗಾಗಿ ಶನಿವಾರ ಸಂಜೆ ಸೈಕಲ್ ಮೇಲೆ ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ಬಸ್ಸಿಗೆ. 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲಿ ನೂರಕ್ಕೆ 25 ಸೀಟು ಹೆಂಗಸರಿಗೆ ಅಂತ ಇತ್ತು. ಒಂದೂರಲ್ಲಿ ಗೆದ್ದಾಕೆ ಹೊಸ್ತಿಲ ಬಳಿ ಸೆರಗು ಹೊದ್ದು ಕೂತಿದ್ದಳು, ಕುರ್ಚಿಯಲ್ಲಿ ಅವಳ ಗಂಡ. ಟೀಚರ್ ಒಳಗೆ ಹೋಗಿ, 'ಯಜಮಾನ್ರೇ, ನೀವು ಯಾವ ವಾರ್ಡಿನಿಂದ ಆರಿಸಿ ಬಂದೀರಿ?' ಎಂದು ಕೇಳಿದರಂತೆ. ಅವನು ಎದ್ದ. 'ಸಂಸಾರ ಒಡಿಯಾಕಿ' ಎಂದು ಊರಲ್ಲಿ ಮಾತಾಯಿತು. ನಮ್ಮಪ್ಪನೂ ಅಂದಿದ್ದ.

ಇನ್ನು ನಾವು ಮಾಡಿದ ಪ್ರತಾಪ. ಟೆಸ್ಟಿನಲ್ಲಿ ಕಡಿಮೆ ಅಂಕ ಕೊಟ್ಟರು ಎಂಬ ಸಿಟ್ಟಿಗೆ ನಾನೂ ನನ್ನ ಗೆಳೆಯನೂ ಒಂದು ಶನಿವಾರ ಅವರ ಸೈಕಲ್ಲಿನ ಎರಡೂ ಗಾಲಿಯ ಗಾಳಿ ಬಿಟ್ಟೆವು. ಬಸ್ ತಪ್ಪಿತು. ಸೋಮವಾರ ಟೀಚರ್ ಹೊಡೆಯಲಿಲ್ಲ. 'ಅಲ್ಲಿ ಮಂದಿ ರಾತ್ರಿ ಹತ್ತರ ತನಕ ಕಾದು ಕುಂತಿದ್ರು' ಎಂದಷ್ಟೇ ಹೇಳಿ ನಮ್ಮಿಬ್ಬರನ್ನೇ ನೋಡಿದರು. ಹೇಗೆ ಗೊತ್ತಾಯಿತೋ ಇವತ್ತಿಗೂ ತಿಳಿದಿಲ್ಲ. ಮುಂದಿನ ಶನಿವಾರ ಮನೆಯಲ್ಲಿ ಹೇಳಿ ಇಬ್ಬರನ್ನೂ ಕರಕೊಂಡು ಹೋದರು.

ಗುಡಿಯ ಕಟ್ಟೆ. ಗೆಳೆಯನ ಕೈಗೆ ಕಂದೀಲು, ನನ್ನ ಕೈಗೆ ನೋಟ್‌ಬುಕ್ಕು. ಬಂದವರ ಹೆಸರು ಬರೆಯುವುದು ನನ್ನ ಕೆಲಸ. ಇಂಥವನ ಅವ್ವ, ಇಂಥವನ ಹೆಂಡತಿ, ಇಂಥವನ ಸೊಸೆ. ಅವರು ಹೇಳಿದ ಹಾಗೆ ಒಂದು ಪುಟ ತುಂಬಿಸಿದೆ. ಟೀಚರ್ ಓದಿ ನಕ್ಕರು.

'ಇವೆಲ್ಲಾ ಗಂಡಸರ ಹೆಸರು. ಇಲ್ಲಿ ಗಂಡಸರು ನೀವಿಬ್ಬರೇ ಇದ್ದೀರಿ. ತಿರುಗಿ ಕೇಳು.'

ತಿರುಗಿ ಕೇಳಿದೆ. ಒಬ್ಬರಿಗೊಬ್ಬರು ತಿವಿದುಕೊಂಡು ನಕ್ಕರು, ನಾಚಿದರು. ಒಬ್ಬ ಮುದುಕಿ ಮಾತ್ರ ನನ್ನನ್ನೇ ಕೇಳಿದಳು. 'ಯಾವ ಹೆಸರಪ್ಪಾ, ತವರುಮನಿದೋ, ಇಲ್ಲೀದೋ?' ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನವೇ ಸೊಸೆಯ ಹೆಸರು ಬದಲಾಗುತ್ತದೆ. ನಾನು ಟೀಚರ್ ಮುಖ ನೋಡಿದೆ.

'ಎರಡೂ ಬರಿ' ಅಂದರು.

ಮರುದಿನ ರೊಟ್ಟಿ ಬಡಿಯುತ್ತಿದ್ದ ಅವ್ವನನ್ನು ಕೇಳಿದೆ. ಅವಳಿಗೂ ಇನ್ನೊಂದು ಹೆಸರಿತ್ತು! ಹದಿನಾಲ್ಕು ವರ್ಷ ನನಗೆ ಗೊತ್ತೇ ಇರಲಿಲ್ಲ. ಮೆಲ್ಲಗೆ ಹೇಳಿ, 'ಯಾರಿಗೂ ಹೇಳಬ್ಯಾಡ' ಅಂದಳು. ಹೇಳಿಲ್ಲ.

ಈಗ ಒಬ್ಬ ಟೀಚರ್ ಹೀಗೆ ಇಬ್ಬರು ಹುಡುಗರನ್ನು ರಾತ್ರಿ ಬಸ್ಸಿನಲ್ಲಿ ಹಳ್ಳಿಗೆ ಕರಕೊಂಡು ಹೋಗಲಿ ನೋಡೋಣ. ಪೋಷಕರ ವಾಟ್ಸಾಪ್ ಗ್ರೂಪಿಗೆ ಬೆಂಕಿ ಬೀಳುತ್ತದೆ. ಮೊದಲ ಮೆಸೇಜು ನನ್ನದೇ ಇದ್ದರೂ ಇರಬಹುದು. ನನ್ನ ಮಗಳ ಶಾಲೆಯಲ್ಲಿ ಗೋಡೆಗೆ ಸ್ಮಾರ್ಟ್ ಬೋರ್ಡ್ ಇದೆ, ವಾರಕ್ಕೆ ಎರಡು ಟೆಸ್ಟ್ ಇದೆ. ಅಲ್ಲಿನ ಸಮಾಜ ವಿಜ್ಞಾನದ ಟೀಚರ ಹೆಸರು ಕೇಳಿದರೆ 'ಎಸ್ಸೆಸ್ ಮಿಸ್' ಅನ್ನುತ್ತಾಳೆ.

ಮುಂದೆ ನಾನು ಬ್ಯಾಂಕಿಗೆ ಸೇರಿದೆ. ಹೊಗಳಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ, ಸ್ವಸಹಾಯ ಸಂಘಗಳ ಸಾಲದಲ್ಲಿ ನಮ್ಮ ಬ್ರಾಂಚು ಒಂದು ವರ್ಷ ಶೀಲ್ಡ್ ತೆಗೆದುಕೊಂಡಿತು. 'ಗಂಡನನ್ನು ಕರಕೊಂಡು ಬಾ' ಎಂದು ಯಾವ ಹೆಣ್ಣುಮಗಳಿಗೂ ನಾನು ಹೇಳಿಲ್ಲ. ಶೀಲ್ಡಿನ ಫೋಟೊ ಹಿಡಿದುಕೊಂಡು ಟೀಚರ್ ಮನೆಗೆ ಹೋಗಿದ್ದೆ. ಕನ್ನಡಕ ಹಾಕಿಕೊಂಡು ನೋಡಿದರು. 'ಸಾಲ ತೀರಿಸಿದವರು ಅವರು. ಶೀಲ್ಡ್ ನಿನಗಾ?' ಅಂದರು. ಆಮೇಲೆ ಚಹಾ ಕೊಟ್ಟರು.

ಎಲ್ಲರ ಹೆಸರೂ ಬರೆಸಿದ ಟೀಚರ್ ತಮ್ಮ ಹೆಸರನ್ನು ಮಾತ್ರ ಎಲ್ಲೂ ಹಾಕಿಸಿಕೊಳ್ಳಲಿಲ್ಲ. ಪೇಪರಿನವರು ಬಂದರೆ 'ಸಂಘದ ಹೆಸರು ಹಾಕ್ರಿ' ಎನ್ನುತ್ತಿದ್ದರು. ಅವರ ಈ ಒಂದು ಮಾತು ನನಗೆ ಒಪ್ಪಿಗೆ ಇಲ್ಲ. ಆದರೂ ಇಲ್ಲಿ ಹಾಕಿಲ್ಲ. ನಮ್ಮ ಶಾಲೆಯವರಿಗೆ ಗೊತ್ತೇ ಇದೆ, ಅಲ್ವಾ?

ಶ್ರದ್ಧಾಂಜಲಿ ಸಭೆಗೆ ಹಳ್ಳಿಗಳಿಂದ ಹೆಂಗಸರು ಟಂಟಂ ಆಟೊ ಮಾಡಿಕೊಂಡು ಬಂದರು. ಬಾಗಿಲಲ್ಲಿ ಬಂದವರ ಹೆಸರು ಬರೆಯಲು ನಾನೇ ಕೂತೆ. ವಯಸ್ಸಾದ ಒಬ್ಬಾಕೆ ಮುಂದೆ ನಿಂತಳು. 'ನಿಮ್ಮ ಹೆಸರು, ಅವ್ವ?' ಅಂದೆ. ಪೆನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಬಗ್ಗಿದಳು. ಒಂದು ಹೆಸರು ಬರೆದಳು. ಸ್ವಲ್ಪ ನಿಂತು, ಅದರ ಕೆಳಗೆ ಇನ್ನೊಂದು ಶುರು ಮಾಡಿದಳು. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ನೋಟ್‌ಬುಕ್ಕನ್ನು ಅಲುಗಾಡದ ಹಾಗೆ ಹಿಡಿದುಕೊಂಡೆ.